ಶಾಸನದ ಗಾವುಂಡ, ಗಣತಿಯ ಒಕ್ಕಲು, ಮನೆಯ ಮುತ್ತಜ್ಜ: ಮನೆತನದ ಪುಸ್ತಕಗಳನ್ನು ಓದುವಾಗ

ಮನೆತನದ ಚರಿತ್ರೆ ಬರೆದು ಅಚ್ಚು ಹಾಕಿಸುವ ರೂಢಿ ನಮ್ಮಲ್ಲಿ ಈಗ ಚೆನ್ನಾಗಿಯೇ ಬೇರೂರಿದೆ. ಮನೆದೇವರ ಜಾತ್ರೆಯಲ್ಲೋ, ಹಿರಿಯರೊಬ್ಬರ ನೆನಪಿನ ಕಾರ್ಯಕ್ರಮದಲ್ಲೋ ಬಿಡುಗಡೆಯಾಗುವ ಈ ಪುಸ್ತಕಗಳು ಅಂಗಡಿಗೆ ಬರುವುದಿಲ್ಲ. ಹಾಗಾಗಿ ಇವುಗಳ ವಿಮರ್ಶೆಯೂ ಆಗುವುದಿಲ್ಲ. ಆದರೆ ಶಾಸನ ಓದುವವರ ಕೈಗೆ ಮಾತ್ರ ಬಂದೇ ಬರುತ್ತವೆ. ಕಾರಣ ಸರಳ: ಇಂಥ ಪುಸ್ತಕಗಳಲ್ಲಿ ಬಹುಪಾಲು ಶುರುವಾಗುವುದೇ ಒಂದು ಶಾಸನದಿಂದ. "ಸ್ವಲ್ಪ ನೋಡಿ, ಇದು ನಮ್ಮವರೇ ಅಂತ ಒಂದು ಮಾತು ಬರೆದುಕೊಡಿ" ಎಂಬ ಕೋರಿಕೆಯೂ ಜೊತೆಗೇ ಬರುತ್ತದೆ.

ಯಾವುದೋ ಒಂದು ಪುಸ್ತಕವನ್ನು ಹಿಡಿದು ಜಗ್ಗುವ ಉದ್ದೇಶ ಇಲ್ಲಿಲ್ಲ. ಬರೆದವರು ಹೆಚ್ಚಿನಂಶ ನಿವೃತ್ತ ಮೇಷ್ಟ್ರುಗಳು, ಎಂಜಿನಿಯರುಗಳು, ಊರು ಬಿಟ್ಟು ಹೋದ ಮೇಲೆ ಊರನ್ನು ಹುಡುಕಿಕೊಂಡು ಬಂದವರು. ಅವರ ಶ್ರಮ ದೊಡ್ಡದು. ನನ್ನ ತಕರಾರು ಇಡೀ ಪ್ರಕಾರಕ್ಕೆ ಅಂಟಿಕೊಂಡಿರುವ ಒಂದು ಚಾಳಿಯ ಬಗ್ಗೆ. ಅದು ಹೀಗಿರುತ್ತೆ. ಮೊದಲ ಅಧ್ಯಾಯದಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದಿಂದ ಎತ್ತಿಕೊಂಡ 12 ಅಥವಾ 13ನೇ ಶತಮಾನದ ಕಲ್ಲು; ಅದರಲ್ಲಿ ಊರಿನ ಒಬ್ಬ ಗಾವುಂಡ. ಮೂರನೇ ಅಧ್ಯಾಯದಲ್ಲಿ 19ನೇ ಶತಮಾನದ ಕೊನೆಯಲ್ಲಿ ಹುಟ್ಟಿದ ಮುತ್ತಜ್ಜ. ಇಲ್ಲಿಂದ ಮುಂದೆ ಎಲ್ಲಾ ಗಟ್ಟಿ, ಫೋಟೋ ಸಮೇತ. ಎರಡರ ನಡುವೆ ಆರು ನೂರು ವರ್ಷದ ಹಳ್ಳ. ಅದರ ಮೇಲೆ ಹಾಸುವ ಹಲಗೆಯೇ ಈ ವಾಕ್ಯ: "ಬ್ರಿಟಿಷರ ಕಾಲದ ಜನಗಣತಿ ದಾಖಲೆಗಳಲ್ಲೂ ಈ ಮನೆತನದ ಉಲ್ಲೇಖವಿದೆ."

ಆ ಹಲಗೆ ಭಾರ ತಡೆಯುತ್ತದೆಯೇ ಎನ್ನುವುದೇ ಪ್ರಶ್ನೆ.

ಗಣತಿಯಲ್ಲಿ ಏನಿದೆ, ಏನಿಲ್ಲ

ಹಳೇ ಮೈಸೂರಿನವರು ಖಾನೇಷುಮಾರಿ ಅಂತ ಕರೆಯುತ್ತಿದ್ದ ಜನಗಣತಿ ಮೈಸೂರು ಸಂಸ್ಥಾನದಲ್ಲಿ ಆಧುನಿಕ ರೀತಿಯಲ್ಲಿ ಮೊದಲು ನಡೆದದ್ದು 1871ರಲ್ಲಿ. ಮುಂಬಯಿ ಪ್ರಾಂತ್ಯದ ಧಾರವಾಡ, ಬೆಳಗಾವಿ ಕಡೆ 1872. ನಿಜಾಮರ ಸೀಮೆಯಲ್ಲಿ 1881. ದಕ್ಷಿಣ ಕನ್ನಡ, ಬಳ್ಳಾರಿಗಳು ಮದರಾಸು ಪ್ರಾಂತ್ಯದ ವರದಿಯಲ್ಲಿ. ಕೊಡಗಿಗೆ ಅದರದೇ ಪ್ರತ್ಯೇಕ ವರದಿ. ಹೆಣ್ಣು ಕೊಟ್ಟು ತಂದುಕೊಂಡ ಒಂದೇ ಬಳಗವನ್ನು ಹುಡುಕಬೇಕಾದರೂ ನಾಲ್ಕೈದು ಆಡಳಿತಗಳ ವರದಿ ತೆರೆಯಬೇಕು.

ತೆರೆದರೆ ಸಿಗುವುದೇನು? ಕೋಷ್ಟಕ. ಜಿಲ್ಲೆಗೆ ಎಷ್ಟು ಜನ, ಯಾವ ಜಾತಿಯವರು ಎಷ್ಟು, ಕಸುಬು ಏನು, ಓದು ಬಲ್ಲವರು ಎಷ್ಟು, ಕುರುಡರೆಷ್ಟು. ಹೆಸರಿಲ್ಲ. ಗಣತಿದಾರ ಮನೆಗೆ ಬಂದಾಗ ಹೆಸರು ಬರೆದುಕೊಂಡಿದ್ದ, ನಿಜ. ಬಾಗಿಲಿಗೆ ನಂಬರು ಹಾಕಿ, ಮೊದಲು ಕರಡು ಬರೆದು, ಗೊತ್ತಾದ ರಾತ್ರಿ ಮತ್ತೆ ಬಂದು ಸತ್ತವರನ್ನು ಹೊಡೆದು, ಹುಟ್ಟಿದವರನ್ನು ಸೇರಿಸಿ ಪಟ್ಟಿ ಮುಗಿಸುತ್ತಿದ್ದ. ಆದರೆ ಆ ಹೆಸರು ಬೇಕಿದ್ದದ್ದು ಒಬ್ಬರನ್ನೇ ಎರಡು ಸಲ ಎಣಿಸದಿರಲಿ, ಯಾರೂ ತಪ್ಪಿಹೋಗದಿರಲಿ ಅಂತ. ಕೋಷ್ಟಕಕ್ಕೆ ಹೆಸರು ಬೇಡ. ಲೆಕ್ಕ ಮುಗಿದ ಮೇಲೆ ಮನೆಮನೆಯ ಹಾಳೆಗಳನ್ನು ಇಟ್ಟುಕೊಳ್ಳುವ ಪದ್ಧತಿ ಬ್ರಿಟಿಷ್ ಇಂಡಿಯಾದಲ್ಲಿ ಇರಲಿಲ್ಲ. ಸ್ವಾತಂತ್ರ್ಯದ ನಂತರದ ಗಣತಿಯ ಕಾಗದಗಳಿಗೆ 1948ರ ಜನಗಣತಿ ಕಾಯ್ದೆಯ 15ನೇ ಕಲಮು ಬೀಗ ಹಾಕಿದೆ: ಅವನ್ನು ನೋಡುವ ಹಕ್ಕು ಯಾರಿಗೂ ಇಲ್ಲ, ಸಿವಿಲ್ ವ್ಯಾಜ್ಯದಲ್ಲಿ ಅವು ಸಾಕ್ಷಿಯೂ ಆಗುವುದಿಲ್ಲ.

ಹಾಗಾದರೆ "ಜನಗಣತಿಯಲ್ಲಿ ಅಜ್ಜನ ಹೆಸರು" ಎಂಬ ಕಲ್ಪನೆ ಬಂದದ್ದೆಲ್ಲಿಂದ? ಹೊರಗಿನಿಂದ. ಇಂಗ್ಲೆಂಡಿನಲ್ಲಿ ಮನೆಹಾಳೆಗಳನ್ನು ನೂರು ವರ್ಷ ಮುಚ್ಚಿಟ್ಟು ಆಮೇಲೆ ಜನರಿಗೆ ತೆರೆಯುತ್ತಾರೆ. 1921ರದು 2022ರಲ್ಲಿ ತೆರೆಯಿತು. ಅಮೆರಿಕದಲ್ಲಿ 72 ವರ್ಷ. 1950ರದು ಕೂಡ 2022ರಲ್ಲೇ ಬಂತು. ಅಲ್ಲಿ ನೆಲೆಸಿರುವ ನಮ್ಮವರು ಪಕ್ಕದ ಮನೆಯವರು ನಾಲ್ಕು ತಲೆಮಾರು ಹಿಂದಕ್ಕೆ ಹೋಗಿದ್ದನ್ನು ನೋಡಿ, ನಮ್ಮಲ್ಲೂ ಎಲ್ಲೋ ಇರಬೇಕು ಅಂದುಕೊಳ್ಳುವುದು ಸಹಜ. ಅಲ್ಲೂ ಎಲ್ಲವೂ ಉಳಿದಿಲ್ಲ. ಇಂಗ್ಲೆಂಡಿನ 1931ರ ಹಾಳೆಗಳು 1942ರ ಬೆಂಕಿಯಲ್ಲಿ ಹೋದವು. ಐರ್ಲೆಂಡಿನ 19ನೇ ಶತಮಾನದ ಹಾಳೆಗಳಲ್ಲಿ ಬಹುಪಾಲು ಒಂದಷ್ಟು ಬೆಂಕಿಗೆ, ಒಂದಷ್ಟು ರದ್ದಿಗೆ ಹೋದವು. ಆದರೆ ಅಲ್ಲಿ ಇದ್ದದ್ದು ಕಳೆಯಿತು. ನಮ್ಮಲ್ಲಿ ಇಟ್ಟುಕೊಳ್ಳುವ ಯೋಚನೆಯೇ ಇರಲಿಲ್ಲ. ಈ ವ್ಯತ್ಯಾಸ ಮರೆತ ಪುಸ್ತಕ, ಇಲ್ಲದ ದಾಖಲೆಯನ್ನು ಸಾಕ್ಷಿಗೆ ಕರೆಯುತ್ತಿದೆ.

ಇನ್ನು ಕೆಲವರು "ವರದಿಯಲ್ಲಿ ನಮ್ಮ ಒಳಪಂಗಡದ ಹೆಸರಿದೆಯಲ್ಲ, ಅದೇ ಉಲ್ಲೇಖ" ಅನ್ನುತ್ತಾರೆ. ಪಂಗಡದ ಹೆಸರು ಮನೆತನದ ಹೆಸರಲ್ಲ. ಅಷ್ಟೇ ಅಲ್ಲ, ಗಣತಿಯಿಂದ ಗಣತಿಗೆ ಜಾತಿಯ ಪಟ್ಟಿಯೇ ಬದಲಾಗುತ್ತಿತ್ತು. 1901ರಲ್ಲಿ ಹೊಲೆಯ ಅಂತ ಎಣಿಕೆಯಾದ ಒಂದು ಮನೆ 1931ರ ಮೈಸೂರು ವರದಿಯಲ್ಲಿ ಆದಿ ಕರ್ನಾಟಕದ ಲೆಕ್ಕಕ್ಕೆ ಸೇರಿರಬಹುದು. ಗಂಗಡಿಕಾರ, ಮೊರಸು, ಹಳ್ಳಿಕಾರ ಮುಂತಾದ ಹಲವು ಗುಂಪುಗಳು ಒಕ್ಕಲಿಗ ಎಂಬ ಒಂದೇ ದೊಡ್ಡ ತಲೆಬರಹದಡಿ ಬರುತ್ತವೆ. ಮನೆ ಬದಲಾಗಿಲ್ಲ, ಊರು ಬದಲಾಗಿಲ್ಲ, ಕೋಷ್ಟಕದ ಹೆಸರು ಬದಲಾಗಿದೆ.

ಹೆಸರಿಲ್ಲದ ಸಂಖ್ಯೆ ಹೇಳುವ ಕತೆ

ಹಾಗಂತ ಗಣತಿ ವರದಿ ಮನೆತನದ ಚರಿತ್ರೆಗೆ ಉಪಯೋಗವಿಲ್ಲ ಅಂತಲ್ಲ. ಶಾಸನ ಓದುವವರಿಗೆ ಹೆಸರಿಲ್ಲದ ಸಂಖ್ಯೆ ಹೊಸದೇನಲ್ಲ. ಬನವಾಸಿ 12000, ಗಂಗವಾಡಿ 96000, ಬೆಳ್ವೊಲ 300 ಇಂಥ ಅಂಕಿಗಳು ಊರಿನ ಲೆಕ್ಕವೋ, ಆದಾಯದ ಲೆಕ್ಕವೋ ಅಂತ ತಲೆಮಾರುಗಳಿಂದ ಜಗಳವಾಡುತ್ತಿದ್ದೇವೆ. ಸಂಖ್ಯೆಯನ್ನು ಕೇಳಬೇಕಾದ ಪ್ರಶ್ನೆ "ನಮ್ಮವರು ಎಲ್ಲಿ?" ಎಂದಲ್ಲ, "ಆಗ ಇಲ್ಲಿ ಏನಾಯಿತು?" ಎಂದು.

ಒಂದೇ ಉದಾಹರಣೆ ಸಾಕು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ. 1881ರಲ್ಲಿ ಸುಮಾರು 41.9 ಲಕ್ಷ. ಹತ್ತು ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಕಡಿಮೆ. ನಡುವೆ ಇದ್ದದ್ದು 1876–78ರ ಬರ, ಹಳಬರ ಬಾಯಲ್ಲಿ ಧಾತು-ಈಶ್ವರ ಸಂವತ್ಸರದ ಬರ. ಪೂರ್ವದ ಮೈದಾನ ಸೀಮೆ ಹೆಚ್ಚು ಸೊರಗಿತು. ಮಲೆನಾಡಿನ ಕಡೆ ಪೆಟ್ಟು ಕಡಿಮೆ.

ಈಗ ಮನೆತನದ ಪುಸ್ತಕದ ವಂಶವೃಕ್ಷಕ್ಕೆ ಬನ್ನಿ. ಬಯಲುಸೀಮೆಯ ಬಹಳ ಮನೆಗಳ ನೆನಪು ಸರಿಯಾಗಿ ಈ ಬರದ ಹತ್ತಿರಕ್ಕೇ ಬಂದು ನಿಲ್ಲುತ್ತದೆ. "ಮುತ್ತಜ್ಜನ ಅಪ್ಪ ಎಲ್ಲಿಂದಲೋ ಬಂದರಂತೆ", "ಸೋದರಮಾವನ ಮನೆಯಲ್ಲಿ ಬೆಳೆದರಂತೆ" ಎಂಬ ಮಾತು ಅಲ್ಲೇ ಬರುತ್ತದೆ. ಆ "ಅಂತೆ" ಅಜ್ಜಿಯ ಮರೆವು ಅಂತ ತಳ್ಳಿಹಾಕುವಂಥದ್ದಲ್ಲ. ಒಂದು ಸೀಮೆ ಚದುರಿಹೋದದ್ದರ ಗುರುತು ಅದು. ಆ ಮನೆಯ ಚರಿತ್ರೆಯಲ್ಲಿ ಅತ್ಯಂತ ಮುಖ್ಯವಾದ ಅಧ್ಯಾಯ ಅದೇ ಇರಬಹುದು. ನಮ್ಮ ಪುಸ್ತಕಗಳು ಆ ಜಾಗವನ್ನು ದಾಟಿ ಹೊಯ್ಸಳರ ಗಾವುಂಡನ ಬಳಿ ಓಡುತ್ತವೆ. ಹಸಿದು ಊರು ಬಿಟ್ಟ ಅಜ್ಜನಿಗಿಂತ ತುರು ಬಿಡಿಸಲು ಹೋಗಿ ಸತ್ತ ವೀರ ಹೆಚ್ಚು ಒಪ್ಪುವ ಪೂರ್ವಜ ಅಂತ ಕಾಣುತ್ತೆ.

ಗಾವುಂಡ ಅಂದರೆ ಗೌಡರೇ?

ಇನ್ನು ಕಲ್ಲಿನ ಕಡೆಗೆ. ಈ ಪುಸ್ತಕಗಳು ಆಧಾರವಾಗಿ ಹಿಡಿಯುವುದು ಎರಡನ್ನು: ಊರ ಹೆಸರು ಒಂದೇ, ಪದವಿ ಒಂದೇ. ಎರಡೂ ಜಾರುವ ನೆಲ.

ಗಾಮುಂಡ, ಗಾವುಂಡ ಎನ್ನುವುದು ಶಾಸನಗಳಲ್ಲಿ ಊರಾಳಿಕೆಯ ಪದವಿ. ಅದು ಗೌಡ ಆಗಿ, ಪದವಿಯಿಂದ ಗೌರವದ ಹೆಸರಾಗಿ, ಕೊನೆಗೆ ಜಾತಿಸೂಚಕವಾಗಿ ನಿಂತದ್ದು ದೀರ್ಘ ಪ್ರಯಾಣ. ಸೇನಬೋವ ಶ್ಯಾನುಭೋಗನಾದ. ಪೆರ್ಗಡೆ ಹೆಗ್ಗಡೆಯಾಗಿ ಹೆಗಡೆ, ಹೆಗ್ಡೆ ಆಯಿತು. ಇವತ್ತು ಆ ಹೆಸರು ಹವ್ಯಕರಲ್ಲಿದೆ, ಬಂಟರಲ್ಲಿದೆ, ಜೈನರಲ್ಲಿದೆ. ಸೆಟ್ಟಿಯ ಕತೆಯೂ ಅದೇ. ಪದವಿ ಒಂದು ಕುಟುಂಬದಿಂದ ಇನ್ನೊಂದಕ್ಕೆ ಹೋಗುತ್ತದೆ: ರಾಜ್ಯ ಬದಲಾದಾಗ, ತೆರಿಗೆ ಕಟ್ಟಲಾಗದಾಗ, ಗಂಡು ಸಂತಾನ ಇಲ್ಲದಾಗ. 13ನೇ ಶತಮಾನದ ಗಾವುಂಡಿಕೆಯೂ 19ನೇ ಶತಮಾನದ ಪಟೇಲಿಕೆಯೂ ಒಂದೇ ಊರಿನಲ್ಲಿ ಇದ್ದವು ಅಂದ ಮಾತ್ರಕ್ಕೆ ಒಂದೇ ರಕ್ತದಲ್ಲಿ ಇದ್ದವು ಅಂತ ಆಗುವುದಿಲ್ಲ.

ವ್ಯಕ್ತಿನಾಮದ ಸಾಕ್ಷಿ ಇನ್ನೂ ದುರ್ಬಲ. ಮಾರ, ಬೊಮ್ಮ, ಕಾಳ, ಮಾಚ ಇಂಥ ಹೆಸರುಗಳು ಎಲ್ಲ ನಾಡಿನಲ್ಲೂ ಎಲ್ಲ ಕಾಲದಲ್ಲೂ ಇವೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಿಂದ ಮಾರ-ಬೊಮ್ಮ-ಮಾರ ಅಂತ ಸರಪಳಿ ತಿರುಗುತ್ತಲೇ ಇರುತ್ತದೆ. ಅಗ್ರಹಾರದ ದಾನಶಾಸನಗಳಲ್ಲಿ ವೃತ್ತಿವಂತರ ಪಟ್ಟಿ ಇರುತ್ತೆ: ಹೆಸರು, ತಂದೆಯ ಹೆಸರು, ಗೋತ್ರ, ಸೂತ್ರ. ಹೆಸರುವಾರು ಗಣತಿಗೆ ನಮ್ಮಲ್ಲಿ ಅತಿ ಹತ್ತಿರದ ಹಳೆಯ ದಾಖಲೆ ಅಂದರೆ ಅದೇ. ಅಲ್ಲೂ ಗೋತ್ರ ಕೂಡಿಬಂದರೆ ಸಾಕು ಅಂತ ತೃಪ್ತಿಪಡುವವರಿದ್ದಾರೆ. ಆ ಗೋತ್ರದವರು ನಾಡಿನ ತುಂಬಾ ಇದ್ದಾರೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಸಂಬಂಧವಾಚಕವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಬೆಂಗಳೂರಿನ ಹೆಸರಿಗಾಗಿ ಪ್ರಸಿದ್ಧವಾದ ಬೇಗೂರಿನ ವೀರಗಲ್ಲಿನಲ್ಲಿ ನಾಗತ್ತರನ ಮಗನ ಜೊತೆಗೆ ಅವನ 'ಮನೆಮಗ'ನೂ ಬರುತ್ತಾನೆ. ಇವತ್ತಿನ ಕನ್ನಡದ ಕಿವಿಗೆ ಅದು ಮನೆಯಲ್ಲಿ ಹುಟ್ಟಿದ ಮಗ ಅಂತ ಕೇಳಿಸುತ್ತದೆ. ಶಾಸನದ ಭಾಷೆಯಲ್ಲಿ ಅವನು ಮನೆಗೆ ಸೇರಿದ ಆಳು, ಒಡೆಯನ ನಂಬಿಕೆಯವನು. ಮಗ ಎಂಬ ಮಾತು ಕಂಡ ಕೂಡಲೇ ವಂಶವೃಕ್ಷಕ್ಕೆ ಕೊಂಬೆ ಬರೆಯಬಾರದು.

ರಾಜರೂ ಇದನ್ನೇ ಮಾಡಿದ್ದರು

ಆರು ನೂರು ವರ್ಷದ ಹಳ್ಳವನ್ನು ಹೆಸರುಗಳಿಂದ ಮುಚ್ಚುವುದು ನಮ್ಮ ಕಾಲದ ಕಸುಬಲ್ಲ. ಬಾದಾಮಿ ಚಾಲುಕ್ಯರ ಕೊನೆಯ ಅರಸ ಇಮ್ಮಡಿ ಕೀರ್ತಿವರ್ಮ 8ನೇ ಶತಮಾನದ ಮಧ್ಯದಲ್ಲಿ ರಾಷ್ಟ್ರಕೂಟರಿಗೆ ಸೋತ. ಇಮ್ಮಡಿ ತೈಲಪ ರಾಷ್ಟ್ರಕೂಟರನ್ನು ಕೆಡವಿದ್ದು 973ರಲ್ಲಿ. ನಡುವೆ ಇನ್ನೂರಕ್ಕೂ ಹೆಚ್ಚು ವರ್ಷ. ಕಲ್ಯಾಣದ ಚಾಲುಕ್ಯರ ಶಾಸನಗಳು ಈ ಅಂತರವನ್ನು ಬಾದಾಮಿ ಮನೆತನದ ಒಂದು ಕಿರಿಯ ಕವಲಿನ ಮೂಲಕ ತುಂಬುತ್ತವೆ. ಅಷ್ಟಕ್ಕೇ ನಿಲ್ಲದೆ, ಅಯೋಧ್ಯೆಯಲ್ಲಿ 59 ಮಂದಿ, ಆಮೇಲೆ ದಕ್ಷಿಣಾಪಥದಲ್ಲಿ 16 ಮಂದಿ ಆಳಿದರು ಅಂತ ಎಣಿಸಿ ಹೇಳುತ್ತವೆ. ಬಾದಾಮಿಯವರ ಸ್ವಂತ ಶಾಸನಗಳಲ್ಲಿ ಈ ಅಯೋಧ್ಯೆಯ ಲೆಕ್ಕವೇ ಇಲ್ಲ. ಆರ್. ಜಿ. ಭಂಡಾರಕರ್ ಈ ಕವಲಿನ ಕೊಂಡಿಯನ್ನೇ ಅನುಮಾನಿಸಿದ್ದರು. ಗಂಗರ ಹೆಸರಿನ ತಾಮ್ರಪಟಗಳ ವಂಶಾವಳಿ ಅಸಲಿಯೋ ಕೂಟವೋ ಎಂಬುದರ ಮೇಲೆ ಫ್ಲೀಟ್ ಮತ್ತು ರೈಸ್ ವರ್ಷಗಟ್ಟಲೆ ವಾದ ಮಾಡಿದರು.

ರಾಜಮನೆತನಗಳ ವಿಷಯದಲ್ಲಿ ನಾವು ಕಲಿತ ಪಾಠ ಇದು: ವಂಶಾವಳಿ ಎಂಬುದು ಬರೆಸಿದವನ ಕಾಲದ ದಾಖಲೆ. ಅದು ಮೂಲಪುರುಷನ ಕಾಲದ ಬಗ್ಗೆ ಹೇಳುವುದಕ್ಕಿಂತ, ಬರೆಸಿದವನಿಗೆ ಎಂಥ ಮೂಲಪುರುಷ ಬೇಕಾಗಿದ್ದ ಎಂಬುದನ್ನು ಹೆಚ್ಚು ಹೇಳುತ್ತದೆ. ಚಕ್ರವರ್ತಿಯ ಪ್ರಶಸ್ತಿಗೆ ಹಾಕುವ ಈ ಒರೆಗಲ್ಲನ್ನು ಮನೆತನದ ಪುಸ್ತಕಕ್ಕೆ ಮಾತ್ರ ಹಾಕಬಾರದು ಎನ್ನುವುದು ನ್ಯಾಯವಲ್ಲ. ಶಾಸನತಜ್ಞರು ಮುನ್ನುಡಿ ಬರೆಯುವಾಗ ಮುಲಾಜಿಗೆ ಬೀಳುವುದನ್ನು ಬಿಡಬೇಕು.

ಒಂದು ಸಣ್ಣ ಲೆಕ್ಕ

ಒಂದು ವೇಳೆ ಎಲ್ಲವೂ ನಿಜ ಅಂತಲೇ ಇಟ್ಟುಕೊಳ್ಳೋಣ. 1250ರ ಸುಮಾರಿನ ಗಾವುಂಡ ನಿಮ್ಮ ಪೂರ್ವಜನೇ. 1850ಕ್ಕೆ ಬರುವಷ್ಟರಲ್ಲಿ 600 ವರ್ಷ. ತಲೆಮಾರಿಗೆ 25ರಿಂದ 30 ವರ್ಷ ಹಿಡಿದರೆ 20ರಿಂದ 24 ತಲೆಮಾರು. ಅಪ್ಪ-ಅಮ್ಮ ಇಬ್ಬರು, ಅಜ್ಜ-ಅಜ್ಜಿಯರು ನಾಲ್ವರು, ಹೀಗೆ ಇಮ್ಮಡಿಸುತ್ತಾ ಹೋದರೆ 20ನೇ ತಲೆಮಾರಿನಲ್ಲಿ 10,48,576 ಸ್ಥಾನ. ಅಷ್ಟು ಬೇರೆ ಬೇರೆ ಜನ ಇದ್ದರು ಅಂತಲ್ಲ; ಸೋದರಿಕೆಯ ಮದುವೆ ಹೆಚ್ಚಿರುವ ನಮ್ಮಲ್ಲಿ ಒಬ್ಬನೇ ಎಷ್ಟೋ ಸ್ಥಾನಗಳಲ್ಲಿ ಕೂತಿರುತ್ತಾನೆ. ಆದರೆ ತಾತ್ಪರ್ಯ ಇಷ್ಟು. ಆ ಗಾವುಂಡನ ಸಂತತಿ ಇವತ್ತಿಗೂ ಉಳಿದಿದ್ದರೆ, ಹೆಣ್ಣುಮಕ್ಕಳ ಮೂಲಕವೂ ಲೆಕ್ಕ ಹಿಡಿದಾಗ, ಆ ಸೀಮೆಯ ಎಷ್ಟೋ ಮನೆಗಳಲ್ಲಿ ಉಳಿದಿರುತ್ತದೆ. ಅವನು ಒಂದು ಮನೆಯ ಸ್ವತ್ತಾಗಲು ಸಾಧ್ಯವಿಲ್ಲ. ಹತ್ತು ಲಕ್ಷ ಸ್ಥಾನದಲ್ಲಿ ಒಂದನ್ನು ಆರಿಸಿ "ಇವರೇ ನಮ್ಮ ಮೂಲ" ಅನ್ನುವುದು ಆಯ್ಕೆ. ಅದನ್ನು ಶೋಧನೆ ಅನ್ನಲಾಗದು.

ಆ ಆಯ್ಕೆಯಲ್ಲಿ ಯಾರು ಬಿಟ್ಟುಹೋಗುತ್ತಾರೆ ನೋಡಿ. ಮೊದಲು ಹೆಂಗಸರು. ಬೇಲತೂರಿನ ಶಾಸನದಲ್ಲಿ ದೇಕಬ್ಬೆಯ ಹೆಸರಿದೆ. ತಂದೆ ರವಿಗ, ಗಂಡ ಏಚ, ಎಲ್ಲರೂ ಇದ್ದಾರೆ. 11ನೇ ಶತಮಾನದ ಒಬ್ಬ ಮಗಳ ಬಗ್ಗೆ ಇಷ್ಟು ವಿವರ ಅಪರೂಪ. ಆದರೆ ಆ ಹೆಸರು ಕಲ್ಲಿಗೇರಿದ್ದು ಅವಳು ಗಂಡನ ಹಿಂದೆ ಬೆಂಕಿಗೆ ಬಿದ್ದದ್ದರಿಂದ. ದಾನ ಕೊಡದೆ, ನೋಂಪಿ ನೋಂತು ಮುಡಿಪದೆ, ಬೆಂಕಿಗೆ ಬೀಳದೆ ಬದುಕಿ ಸತ್ತ ಹೆಣ್ಣಿಗೆ ಕಲ್ಲಿಲ್ಲ. ಗಣತಿಯ ಕಾಲಕ್ಕೆ ಬಂದರೂ, ಹೆಂಗಸಿನ ಹೆಸರು ಹೇಳಲು ಮನೆಯವರು ಒಪ್ಪದಿದ್ದರೆ 'ಹೆಂಗಸು' ಅಂತಷ್ಟೇ ಬರೆದರೆ ಸಾಕು ಎಂಬ ಸೂಚನೆ ಬ್ರಿಟಿಷ್ ಇಂಡಿಯಾದ ಗಣತಿದಾರರಿಗೆ ಇತ್ತು. ಆಮೇಲೆ ಬಿಟ್ಟುಹೋಗುವವರು ಭೂಮಿ ಇಲ್ಲದವರು. ಊರ ಹೊರಗಿನ ಕೇರಿಯವರ ಬೆವರಿನಿಂದ ಕೆರೆ ಕಟ್ಟಿತು. ಕೆರೆಯ ಶಾಸನದಲ್ಲಿ ಗಾವುಂಡನಿದ್ದಾನೆ. ಶಾಸನದಿಂದಲೇ ಮನೆತನ ಶುರುವಾಗಬೇಕು ಅನ್ನುವ ನಿಯಮ ಮಾಡಿದರೆ ಆ ಕೇರಿಯ ಹುಡುಗರಿಗೆ ಚರಿತ್ರೆಯೇ ಇಲ್ಲ ಅಂತ ಹೇಳಿದ ಹಾಗಾಗುತ್ತದೆ. ದೇವಸ್ಥಾನದ ಮೊದಲ ವೀಳ್ಯ ಯಾರಿಗೆ, ತೇರಿನ ಹಗ್ಗ ಮೊದಲು ಯಾರು ಹಿಡಿಯಬೇಕು ಎಂಬ ಜಗಳಕ್ಕೆ ಇಂಥ ಪುಸ್ತಕದ ಪುಟವೇ 'ದಾಖಲೆ' ಆಗಿ ಬಂದರೆ, ಅದು ಬರೀ ಅಭಿಮಾನದ ವಿಷಯವಾಗಿ ಉಳಿಯುವುದಿಲ್ಲ.

ಹಳೆಯ ಗಣತಿಯ ಹೆಸರು ನಿಜಕ್ಕೂ ಉಳಿದ ಕಡೆ ಏನಾಗುತ್ತದೆ ಅನ್ನುವುದಕ್ಕೆ ಅಸ್ಸಾಂ ಇದೆ. 1951ರ ಗಣತಿಯ ಆಧಾರದ ಮೇಲೆ ಅಲ್ಲಿ ಪೌರರ ರಿಜಿಸ್ಟರ್ ತಯಾರಾಗಿತ್ತು. ಅದನ್ನು ಪರಿಷ್ಕರಿಸುವಾಗ ಜನ ಎರಡು ವಿಷಯ ತೋರಿಸಬೇಕಾಯಿತು: ಹಳೇ ದಾಖಲೆಯಲ್ಲಿ ಹಿರಿಯರ ಹೆಸರು, ಆ ಹಿರಿಯರಿಗೂ ತಮಗೂ ಇರುವ ಕೊಂಡಿ. ಕಷ್ಟವಾದದ್ದು ಹೆಚ್ಚಾಗಿ ಎರಡನೆಯದು, ಅದರಲ್ಲೂ ಮದುವೆಯಾಗಿ ಬೇರೆ ಊರಿಗೆ ಹೋದ ಹೆಂಗಸರಿಗೆ. 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಹೆಸರು ಒಂದು ಸಾಕ್ಷಿ, ಕೊಂಡಿ ಇನ್ನೊಂದು ಸಾಕ್ಷಿ. ಅಲ್ಲಿ ಬಡವರಿಂದ ಕಟ್ಟುನಿಟ್ಟಾಗಿ ಕೇಳಿದ ಕೊಂಡಿಯನ್ನು ಇಲ್ಲಿ ಉಳ್ಳವರ ವಂಶವೃಕ್ಷದಲ್ಲಿ ಯಾರೂ ಕೇಳುವುದೇ ಇಲ್ಲ.

ಹಾಗಾದರೆ ಹೇಗೆ ಬರೆಯಬೇಕು

ಗೊತ್ತಿರುವುದರಿಂದ ಹಿಂದಕ್ಕೆ ನಡೆಯಬೇಕು, ಹಳೆಯದರಿಂದ ಮುಂದಕ್ಕಲ್ಲ. ಮೊದಲು ಬದುಕಿರುವ ಹಿರಿಯರ ಮಾತು, ಅದರಲ್ಲೂ ತವರಿನಿಂದ ಬಂದ ಅಜ್ಜಿಯರ ಮಾತು. ಆಮೇಲೆ ಶಾಲೆಯ ದಾಖಲಾತಿ ಪುಸ್ತಕ, ಜನನ-ಮರಣದ ರಿಜಿಸ್ಟರ್, ಕೈಬರಹದ ಪಹಣಿ, ಕ್ರಯಪತ್ರ, ಭಾಗಪತ್ರ, ಇನಾಮಿನ ಕಾಗದ. ಭಾಗಪತ್ರದಲ್ಲಿ ಅಣ್ಣತಮ್ಮಂದಿರ ಹೆಸರು ಮಾತ್ರವಲ್ಲ, ಯಾರಿಗೆ ಯಾವ ಹೊಲ, ವಿಧವೆಗೆ ಎಷ್ಟು ಕಾಳು ಎನ್ನುವುದೂ ಇರುತ್ತೆ. ಅದನ್ನು ಮೀರಿದ ಹಳೆಯ ಕಡತವಿದ್ದರೆ ಅದೃಷ್ಟ. ಉತ್ತರ ಕರ್ನಾಟಕದವರಾದರೆ ಹೆಳವರು ಬಂದಾಗ ಕೂತು ಕೇಳಬೇಕು. ಎತ್ತಿನ ಮೇಲೆ ಬಂದು ಮನೆಮನೆಯ ವಂಶ ಹೇಳುವ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಹೋಗುವ ಅವರ ಪುಸ್ತಕವೇ ನಮ್ಮ ನಾಡಿನ ಹೆಸರುವಾರು ಗಣತಿ. ಅವರ ಕಸುಬು ಮನೆಯನ್ನು ಹೊಗಳುವುದೂ ಹೌದು, ಆದ್ದರಿಂದ ತೀರಾ ಹಿಂದಿನ ತಲೆಮಾರುಗಳನ್ನು ಭಾಗಪತ್ರ, ಪಹಣಿಗಳ ಜೊತೆ ತಾಳೆ ನೋಡಿಯೇ ಒಪ್ಪಬೇಕು.

ಈ ದಾರಿಯಲ್ಲಿ ನಡೆದರೆ ಎಲ್ಲೋ ಒಂದು ಕಡೆ, ಹೆಚ್ಚಿನಂಶ 19ನೇ ಶತಮಾನದಲ್ಲಿ, ಕೊಂಡಿ ಕಡಿಯುತ್ತದೆ. ಅಲ್ಲಿ ನಿಲ್ಲಬೇಕು. ನಿಂತ ವರ್ಷವನ್ನು, ನಿಲ್ಲಲು ಕಾರಣವನ್ನು ಬರೆಯಬೇಕು. ಆ ಜಾಗದಲ್ಲಿ ಗಣತಿ ವರದಿಯನ್ನು ತೆರೆದು ಆ ತಾಲ್ಲೂಕಿನಲ್ಲಿ ಆಗ ಬರ ಬಂದಿತ್ತೇ, ಪ್ಲೇಗು ಬಂದಿತ್ತೇ, ಜನ ಕಡಿಮೆಯಾದರೇ ಅಂತ ನೋಡಬೇಕು. ಊರಿನ ಶಾಸನವನ್ನೂ ಹಾಕಬೇಕು, ಖಂಡಿತ. ಆದರೆ 'ನಮ್ಮ ಊರು' ಎಂಬ ಅಧ್ಯಾಯದಲ್ಲಿ, 'ನಮ್ಮ ಮೂಲಪುರುಷ' ಎಂಬ ಅಧ್ಯಾಯದಲ್ಲಲ್ಲ. ಆ ಕಲ್ಲು ಊರಿನ ಎಲ್ಲಾ ಕೇರಿಗಳಿಗೂ ಸೇರಿದ್ದು.

ಮುನ್ನುಡಿ ಕೇಳಿಕೊಂಡು ಬರುವವರಿಗೆ ಶಾಸನ ಓದುವ ನಾವು ಹೇಳಬಹುದಾದದ್ದೂ ಇದೇ. ಪಾಠ ಸರಿಯಾಗಿ ಓದಿಕೊಡುತ್ತೇವೆ, ಕಾಲ ಹೇಳುತ್ತೇವೆ, ಕಲ್ಲು ಮಣ್ಣಿನಲ್ಲಿ ಹೂತಿದ್ದರೆ ಎತ್ತಿ ನಿಲ್ಲಿಸಲು ಬರುತ್ತೇವೆ. ಗಾವುಂಡನಿಗೂ ನಿಮಗೂ ನಡುವಿನ ಇಪ್ಪತ್ತು ತಲೆಮಾರಿಗೆ ಮಾತ್ರ ಸಹಿ ಹಾಕುವುದಿಲ್ಲ.